ಇಲ್ಲದ ಎಂಟನೇ ಮಹಡಿ

"ಈ ಸಾಲು ಯಾವತ್ತೂ ಓಡಲ್ಲ. ತೆಗೆದುಹಾಕಿ."

ಹಾಗೆಂದವನು ತಲೆ ಎತ್ತುವ ಸೌಜನ್ಯವನ್ನೂ ತೋರಿಸಲಿಲ್ಲ. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಬರೆದ ಕೋಡಿನ ಮೇಲೆ ಕೆಂಪು ಪೆನ್ನಿನಿಂದ ಸರಕ್ಕನೆ ಒಂದು ಗೀಟು ಎಳೆದು ಮುಂದಿನ ಹಾಳೆಗೆ ಹೋಗಿಬಿಟ್ಟ.

ಅವಳು ಕೈ ಚಾಚಿ ಹಾಳೆಯನ್ನು ಹಿಂದಕ್ಕೆ ತಿರುಗಿಸಿದಳು.

"ಯಾಕೆ ಓಡಲ್ಲ?"

ಆಗ ತಲೆ ಎತ್ತಿದ. ಕಣ್ಣುಗಳು ಚೆನ್ನಾಗಿದ್ದವು, ಅದು ಬೇರೆ ಮಾತು. ಆ ಕ್ಷಣಕ್ಕೆ ಅವಳಿಗೆ ಅವನ ಕೈಲಿದ್ದ ಪೆನ್ನನ್ನು ಕಿತ್ತು ಮುರಿದುಹಾಕಬೇಕೆನ್ನಿಸಿತ್ತು.

ಲಿಫ್ಟುಗಳಿಗೆ ಕಂಟ್ರೋಲ್ ಬೋರ್ಡ್ ಮಾಡುವ ಸಣ್ಣ ಕಂಪನಿ ಅದು. ಕೆಳಗೆ ವರ್ಕ್‌ಶಾಪ್, ಮೇಲೆ ಆಫೀಸು. ಯಾವ ಮಹಡಿಯಲ್ಲಿ ಬಟನ್ ಒತ್ತಿದ್ದಾರೆಂದು ಹುಡುಕಿ ಲಿಫ್ಟನ್ನು ಅಲ್ಲಿಗೆ ಕಳುಹಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವವಳು ಇವಳು. ಮನೆಯಲ್ಲಿ ಎಲ್ಲರಿಗೂ ಇವಳು ಚೂಟಿ. ಒಮ್ಮೆ ಅಕ್ಕ ಆಫೀಸಿನ ಫೋನಿಗೇ ಕರೆ ಮಾಡಿ "ನಮ್ಮ ಚೂಟಿ ಇದ್ದಾಳಾ?" ಎಂದು ಕೇಳಿದ ಮೇಲೆ ಇಲ್ಲಿಯೂ ಅದೇ ಹೆಸರು ಅಂಟಿಕೊಂಡಿತ್ತು.

ಅವನು ಹೊಸಬ. ಬೇರೆಯವರ ಕೋಡ್ ಓದಿ ತಪ್ಪು ಹುಡುಕುವುದೇ ಅವನ ಕೆಲಸ. ಬಂದ ವಾರದಲ್ಲೇ ಆಫೀಸಿನವರು ಅವನಿಗೆ 'ಕೆಂಪು ಪೆನ್ನು' ಎಂದು ನಾಮಕರಣ ಮಾಡಿ ಮುಗಿಸಿದ್ದರು.

"ಮೇಡಂ, ನೀವೇ ಬರೆದಿದ್ದೀರಿ ನೋಡಿ," ಎಂದು ಅವನು ಪೆನ್ನಿನ ತುದಿಯಿಂದ ತೋರಿಸಿದ. ಅಲ್ಲಿ for (i = 0; i < 8; i++) ಎಂದಿತ್ತು; ಐ ಎಂಬ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿ, ಎಂಟಕ್ಕಿಂತ ಕಡಿಮೆ ಇರುವವರೆಗೆ ಒಂದೊಂದೇ ಕೂಡಿಸುತ್ತ ಸುತ್ತುವ ಲೂಪು. "ಕಟ್ಟಡದಲ್ಲಿ ನೆಲಮಹಡಿ ಸೊನ್ನೆ, ಕೊನೇದು ಏಳು. ಲೂಪು ಸೊನ್ನೆಯಿಂದ ಏಳರವರೆಗೆ ಒಂದೊಂದೇ ಮಹಡಿ ನೋಡತ್ತೆ. ಬಟನ್ ಒತ್ತಿದ್ದು ಸಿಕ್ಕಿದ್ರೆ ಅಲ್ಲೇ ನಿಲ್ಲತ್ತೆ. ಸಿಗದೇ ಇದ್ರೆ ಏಳಕ್ಕೆ ಮುಗೀತು. ನೀವು ಲೂಪಿನ ಕೆಳಗೆ 'ಐ ಎಂಟಾಗಿದ್ದರೆ ಲಿಫ್ಟ್ ಇದ್ದಲ್ಲೇ ಇರಲಿ' ಅಂತ ಬರೆದಿದ್ದೀರಿ. ಎಂಟು ಎಲ್ಲಿಂದ ಬರತ್ತೆ?"

"ಏಳಕ್ಕೆ ಮುಗೀತು ಅಂತ ಲೂಪಿಗೆ ಯಾರು ಹೇಳ್ತಾರೆ?"

"ಅಂದ್ರೆ?"

"ಏಳನೇ ಮಹಡಿ ನೋಡಿ ಆಯ್ತು. ಆಮೇಲೆ ಐ-ಗೆ ಒಂದು ಸೇರತ್ತೆ. ಎಂಟಾಯ್ತು. ಎಂಟು ಎಂಟಕ್ಕಿಂತ ಕಡಿಮೆನಾ ಅಂತ ಕೇಳತ್ತೆ. ಅಲ್ಲ. ಆಗ ಹೊರಗೆ ಬರತ್ತೆ. ಹೊರಗೆ ಬಂದಾಗ ಐ ಎಷ್ಟು?"

ಅವನು ಗೀಟೆಳೆದ ಸಾಲನ್ನು ಮತ್ತೊಮ್ಮೆ ಓದಿದ.

"ನೀವು ಚಪ್ಪಲಿ ಹುಡುಕ್ತಾ ಒಂದೊಂದೇ ಮಹಡಿ ಹತ್ತುತ್ತಿದ್ದೀರಿ ಅಂದ್ಕೊಳ್ಳಿ," ಎಂದಳು ಚೂಟಿ, ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ. "ಏಳರಲ್ಲೂ ಸಿಗಲಿಲ್ಲ. ಮುಂದಿನ ಮಹಡಿಗೆ ಕಾಲೆತ್ತಿ ಆಯ್ತು. ಆಮೇಲೆ ಗೊತ್ತಾಗತ್ತೆ, ಮೇಲೆ ಮಹಡಿನೇ ಇಲ್ಲ ಅಂತ."

"ಕಾಲಿಟ್ಟರೆ?"

"ಬೀಳ್ತೀರಿ. ಅದಕ್ಕೇ ಆ ಸಾಲು ಬರೆದಿದ್ದು."

ಅವನ ಕಿವಿಯ ತುದಿ ಕೆಂಪಾಯಿತು. "ನೋಡ್ತೀನಿ," ಎಂದಷ್ಟೇ ಹೇಳಿ ಹಾಳೆಗಳನ್ನು ಎತ್ತಿಕೊಂಡು ಹೊರಟುಹೋದ.

*ಏನು ಜಂಭ ಈ ಮನುಷ್ಯನಿಗೆ... ಸರಿ ಅಂತ ಒಪ್ಕೊಂಡ್ರೆ ಗಂಟೇನು ಹೋಗ್ತಿತ್ತು?*

ಆದರೆ ಸಂಜೆ, ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ, ಅವನೇ ಅವಳ ಮೇಜಿನ ಬಳಿ ಬಂದು ನಿಂತ. ಸುತ್ತ ನಾಲ್ಕು ಜನ ಇದ್ದರು. ಅವನು ದನಿ ತಗ್ಗಿಸಲಿಲ್ಲ.

"ನೀವು ಹೇಳಿದ್ದೇ ಸರಿ. ತಪ್ಪು ನನ್ನದು. ಆ ಸಾಲು ಇರಲೇಬೇಕು."

ನಾಲ್ಕು ಜನರೆದುರು ತಪ್ಪೊಪ್ಪಿಕೊಳ್ಳುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮೊದಲು ಟೀ ಮೆಷಿನ್ನಿನ ಹತ್ತಿರ ಒಂದೆರಡು ಮಾತು. ಆಮೇಲೆ ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡಿಗೆ. ಅವನಿಗೆ ಅವನಮ್ಮ ಒಬ್ಬರೇ, ಅವರ ಕಣ್ಣಿಗೆ ಪೊರೆ ಬಂದಿದೆ ಎಂಬುದು ಅವಳಿಗೆ ಗೊತ್ತಾಯಿತು. ಅವಳು ಅಕ್ಕ-ಭಾವನ ಮನೆಯಲ್ಲಿದ್ದಾಳೆ, ಕೋಪ ಬಂದಾಗ ಪಾತ್ರೆ ತೊಳೆಯುತ್ತಾಳೆ ಎಂಬುದು ಅವನಿಗೆ ಗೊತ್ತಾಯಿತು. ತಮ್ಮ ಬಸ್ಸು ಬಂದರೂ ಇಬ್ಬರೂ ಕಾಣದವರಂತೆ ನಿಂತುಬಿಡುವುದು ಮಾಮೂಲಾಯಿತು.

ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೀಗಿರುವಾಗಲೇ ಆ ಲಿಫ್ಟು ಆಕಾಶ ನೋಡಲು ಹೊರಟಿತು.

ಹೊಸದಾಗಿ ಕಟ್ಟಿದ ಏಳು ಮಹಡಿಯ ಆಸ್ಪತ್ರೆಯ ಲಿಫ್ಟಿಗೆ ಕಂಪನಿಯವರು ಅವಳ ಪ್ರೋಗ್ರಾಮಿರುವ ಬೋರ್ಡ್ ಹಾಕಿದ್ದರು. ಆಸ್ಪತ್ರೆಯ ಒಡತಿ ಡಾಕ್ಟರಮ್ಮನನ್ನು ಮರ್ಯಾದೆಯಿಂದ ಕಂಪನಿಯ ಯಜಮಾನರೇ ಲಿಫ್ಟಿನಲ್ಲಿ ಮೂರನೇ ಮಹಡಿಗೆ ಕರೆದೊಯ್ದರು. ಅಲ್ಲಿ ನಿಂತು, ಬಾಗಿಲು ಮುಚ್ಚಿ, ಬೋರ್ಡಿನ ಗುಣಗಾನ ಶುರುಮಾಡಿದರು. ಮಾತಿನ ಭರದಲ್ಲಿ ಯಾರೂ ಬಟನ್ ಒತ್ತಲಿಲ್ಲ. ಲಿಫ್ಟು ತಾನಾಗಿ ಮೇಲಕ್ಕೆ ಹೊರಟಿತು. ಐದು ಹೋಯಿತು, ಆರು ಹೋಯಿತು, ಏಳೂ ಹೋಯಿತು.

"ಮೇಲೆ ಇನ್ನೇನಿದೆ?" ಎಂದು ಡಾಕ್ಟರಮ್ಮ ಕೇಳಿದರಂತೆ.

ಮೇಲೆ ಏನೂ ಇರಲಿಲ್ಲ. ಛಾವಣಿಗೆ ಬಡಿಯುವ ಮುಂಚೆ ಸುರಕ್ಷತೆಯ ಸ್ವಿಚ್ಚು ಕರೆಂಟ್ ಕಡಿಯಿತು, ಇಬ್ಬರೂ ಕತ್ತಲಲ್ಲಿ ನೇತಾಡಿದರು. ಲಿಫ್ಟ್ ಮೇಸ್ತ್ರಿ ಮೋಟಾರ್ ಕೋಣೆಗೆ ಓಡಿ, ಕೈಯಿಂದ ಚಕ್ರ ತಿರುಗಿಸಿ ಕೆಳಗಿಳಿಸಿದಾಗ ಯಜಮಾನರ ಮುಖದಲ್ಲಿ ರಕ್ತವೇ ಇರಲಿಲ್ಲ.

ಮರುದಿನ ಯಜಮಾನರು ಚೂಟಿಯನ್ನು ಕರೆಸಿದರು. ಮೇಜಿನ ಮೇಲೆ ಅವಳ ಕೋಡಿನ ಹಾಳೆ ಇತ್ತು.

"ಇದೇ ತಾನೇ ಆ ನಿಮ್ಮ ದೊಡ್ಡ ಸಾಲು? ಐ ಎಂಟಾದರೆ ಇದ್ದಲ್ಲೇ ಇರಲಿ ಅನ್ನೋದು?"

"ಹೌದು ಸರ್."

"ಇದೆ ತಾನೇ ಇಲ್ಲಿ?"

ಇತ್ತು. ಅವಳ ಅದೇ ಸಾಲು, ಅವಳದೇ ಪದಗಳು.

"ಸಾಲು ಇದ್ದೂ ಲಿಫ್ಟ್ ಎಂಟಕ್ಕೆ ಹೋಯ್ತು. ಅಂದ್ರೆ ಸಾಲೇ ತಪ್ಪು. ಆ ಕೆಂಪು ಪೆನ್ನು ಬೇಡ ಅಂದಿದ್ದನಂತೆ, ನೀವೇ ಹಟ ಹಿಡಿದಿದ್ದಂತೆ." ಯಜಮಾನರು ಕನ್ನಡಕ ತೆಗೆದಿಟ್ಟರು. "ನಾಳೆ ಬೆಳಗ್ಗೆ ಆಸ್ಪತ್ರೇಲಿ ಡಾಕ್ಟರಮ್ಮನ ಎದುರು ತಪ್ಪಾಯ್ತು ಅಂತ ಹೇಳಿ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

"ನನ್ನ ಸಾಲು ತಪ್ಪಲ್ಲ ಸರ್."

"ಲಿಫ್ಟನ್ನ ಕೇಳಿ ಹೋಗಿ."

ಅವಳು ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದ್ದನೆಂಬುದು ನೆನಪಿತ್ತು. ಆದರೂ ಮತ್ತೆ ಮತ್ತೆ ಮಾಡಿದಳು.

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕಥೆ ಕೇಳಿದಳು.

"ಒಂದು 'ಸಾರಿ' ಅಂದುಬಿಟ್ರೆ ನಿನ್ನ ಬಾಯಿಂದ ಮುತ್ತು ಉದುರತ್ತೇನೇ?"

"ಉದುರತ್ತೆ."

"ಕೆಲಸ ಹೋದ್ರೆ?"

"ಹೋಗಲಿ. ಅಕ್ಕಾ, ಹಿಂದಿನ ಕಂಪನೀಲಿ ಏನಾಯ್ತು? ಯಾರದೋ ತಪ್ಪಿಗೆ ನಾನು ಸಾರಿ ಅಂದೆ. ನೀನೇ ಹೇಳಿದ್ದೆ, ಹೋಗ್ಲಿ ಬಿಡು ಅಂತ. ಆಮೇಲೆ ಅಲ್ಲಿ ಏನೇ ಕೆಟ್ಟರೂ ಮೊದಲು ನನ್ನ ಕಡೆ ತಿರುಗೋರು. ಒಪ್ಕೊಂಡು ಒಪ್ಕೊಂಡು ಕೊನೆಗೆ ನಾನೇ ಬಿಟ್ಟು ಬಂದೆ."

ಅಕ್ಕ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಿನ್ನ ಸಾಲು ಸರಿ ಅಂತ ನಿಂಗೆ ಗ್ಯಾರಂಟಿನಾ?"

ಚೂಟಿಗೆ ಉತ್ತರ ಬರಲಿಲ್ಲ.

*ಸಾಲು ಇದೆ. ಲಿಫ್ಟ್ ಹೋಗಿದೆ. ಹಾಗಾದ್ರೆ ನಾನು ತಿಳ್ಕೊಂಡಿದ್ದೇ ತಪ್ಪಾ? ಲೂಪ್ ಮುಗಿದಾಗ ಐ ಎಂಟಾಗಲ್ವಾ?*

ಅಳು ಬಂತು. ಅತ್ತಳು ಕೂಡ. ಆಮೇಲೆ ಮುಖ ತೊಳೆದು, ಸಿಂಕಿನಲ್ಲಿದ್ದ ಪಾತ್ರೆ ತೊಳೆದು, ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಯಜಮಾನರ ಹತ್ತಿರದಿಂದ ತಂದಿದ್ದ ಕೋಡಿನ ಹಾಳೆ ಹರಡಿ ಕೂತಳು. ಕಂಪ್ಯೂಟರ್ ಬೇಡ. ತಾನೇ ಲೂಪಾಗಿ ಓಡಿ ನೋಡುತ್ತೇನೆ ಎಂದುಕೊಂಡಳು.

ಐ ಸೊನ್ನೆ. ಬಟನ್ ಒತ್ತಿಲ್ಲ. ಐ ಎಂಟಾ? ಅಲ್ಲ. ಮುಂದೆ. ಐ ಒಂದು. ಒತ್ತಿಲ್ಲ. ಎಂಟಾ? ಅಲ್ಲ. ಮುಂದೆ...

ಎರಡಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ನಿಂತಿತು.

ಎಂಟಾ ಅಂತ ಪ್ರತಿ ಸುತ್ತಿನಲ್ಲೂ ಯಾಕೆ ಕೇಳುತ್ತಿದ್ದೇನೆ? ಅದನ್ನು ಕೇಳಬೇಕಾದ್ದು ಎಲ್ಲ ಮುಗಿದ ಮೇಲೆ, ಒಂದೇ ಸಲ!

ಬೆರಳಿಟ್ಟು ನೋಡಿದಳು. ಲೂಪು ಇಲ್ಲಿಗೆ ಮುಗಿಯಿತೆಂದು ಗುರುತು ಹಾಕುವ ಫ್ಲವರ್ ಬ್ರಾಕೆಟ್ ಅವಳ ಸಾಲಿನ ಕೆಳಗಿತ್ತು. ಅವಳು ಬರೆದಾಗ ಅದು ಮೇಲಿತ್ತು. ಸಾಲು ಲೂಪಿನ ಹೊರಗಿರಬೇಕಾಗಿತ್ತು. ಇಲ್ಲಿ ಒಳಗೆ ಬಂದು ಕೂತಿತ್ತು. ಒಳಗೆ ಐ ಎಂದೂ ಎಂಟಾಗುವುದಿಲ್ಲ. ಏಳು ದಾಟಿದ ಕೂಡಲೇ ಹೊರಗೆ ಬಿದ್ದಿರುತ್ತದೆ. ಹೊರಗೆ ಎಂಟಾಗಿ ನಿಂತ ಐ-ಯನ್ನು ತಡೆದು ಕೇಳುವವರು ಯಾರೂ ಇಲ್ಲ. ಲಿಫ್ಟು ಅದನ್ನೇ ನಂಬಿ ಎಂಟನೇ ಮಹಡಿಗೆ ಹೊರಟಿದೆ. ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡುವಾಗ ಯಾರಾದರೊಬ್ಬರು ಬಟನ್ ಒತ್ತುತ್ತಲೇ ಇದ್ದುದರಿಂದ ಇದು ಬಯಲಾಗಿರಲಿಲ್ಲ.

ಚೂಟಿ ಜೋರಾಗಿ ನಕ್ಕಳು. ಅಕ್ಕ ಗಾಬರಿಯಿಂದ ಓಡಿ ಬಂದಳು.

"ಗ್ಯಾರಂಟಿ ಅಕ್ಕಾ. ನಂದು ಸರಿ."

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಫೈಲನ್ನು ತೆರೆಯಬಲ್ಲವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬ...

*ಆ ದಿನ ಸೋತಿದ್ದಕ್ಕೆ ಸೇಡಾ? ಮುಖದ ಮುಂದೆ ಸರಿ ಅಂದು, ಹಿಂದಿನಿಂದ ಹೀಗೆ ಮಾಡಿ, ಅಷ್ಟು ದಿನ ನಗ್ತಾ ನನ್ನ ಜೊತೆ ಟೀ ಕುಡಿದನಾ?*

ಬೆಳಗ್ಗೆ ಆಸ್ಪತ್ರೆಯ ಕೆಳಗಿನ ಕೋಣೆಗೆ ಹೋದಾಗ ಯಜಮಾನರು, ಡಾಕ್ಟರಮ್ಮ, ಮೇಸ್ತ್ರಿ ಆಗಲೇ ಕೂತಿದ್ದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವನೂ ಇದ್ದ. ನಿದ್ದೆಗೆಟ್ಟ ಮುಖ. ಅವಳನ್ನು ಕಂಡು ಎದ್ದು ನಿಂತ. ಅವಳು ಆ ಕಡೆ ನೋಡದೆ ಮುಂದೆ ಹೋದಳು.

"ಹೇಳಮ್ಮ," ಎಂದರು ಯಜಮಾನರು. "ಬೇಗ ಮುಗಿಸಿಬಿಡೋಣ."

"ನಾನು ಸಾರಿ ಹೇಳಲ್ಲ ಸರ್."

ಅವಳು ಗೋಡೆಯ ಬಿಳಿ ಬೋರ್ಡಿನ ಮೇಲೆ ಲೂಪು ಬರೆದಳು. ಡಾಕ್ಟರಮ್ಮನಿಗೆ ಅರ್ಥವಾಗುವ ಹಾಗೆ ಒಂದೊಂದೇ ಮಹಡಿ ಹತ್ತಿಸುತ್ತ, ಐ ಎಲ್ಲಿ ಎಷ್ಟಾಗುತ್ತದೆಂದು ತೋರಿಸುತ್ತ ಹೋದಳು.

"ಎಲ್ಲರೂ ಸಾಲು ಇದೆ ಅಂತ ನೋಡಿದ್ರಿ. ಎಲ್ಲಿದೆ ಅಂತ ಯಾರೂ ನೋಡಲಿಲ್ಲ. ನಾನು ಬರೆದಿದ್ದು ಬ್ರಾಕೆಟ್ಟಿನ ಹೊರಗೆ. ಇದು ಒಳಗಿದೆ."

ಡಾಕ್ಟರಮ್ಮ ಮುಂದಕ್ಕೆ ಬಾಗಿದರು. "ಅಂದ್ರೆ ಔಷಧಿ ಸರಿ, ಕೊಟ್ಟ ಹೊತ್ತು ತಪ್ಪು."

"ಹೂಂ ಮೇಡಂ. ಹಾಗೇ."

"ಒಳಗೆ ಹಾಕಿದ್ದು ಯಾರು?" ಯಜಮಾನರ ಮುಖ ಕೆಂಪಾಗಿತ್ತು. "ಹೆಸರು ಹೇಳಿ. ಇವತ್ತೇ ಮನೆಗೆ ಕಳಿಸ್ತೀನಿ."

ನಾಲಗೆಯ ತುದಿಯಲ್ಲಿತ್ತು. ಅಂದುಬಿಟ್ಟರೆ ಆಯಿತು. ಆದರೆ ಪೊರೆ ತೆಗೆಸಿಕೊಂಡು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿರುವ, ತಾನಿನ್ನೂ ನೋಡಿರದ ಆ ತಾಯಿಯ ನೆನಪು ಯಾಕೋ ಅಡ್ಡ ಬಂತು.

"ನಾನಲ್ಲ," ಎಂದಳು. "ನಾನು ಹೇಳೋಕೆ ಬಂದಿದ್ದು ಅಷ್ಟೇ."

"ನಾನು ಸರ್."

ಅವನು ಬೋರ್ಡಿನ ಹತ್ತಿರ ಬಂದ.

"ಮೇಸ್ತ್ರಿ ನಿನ್ನೆ ಸಂಜೆ ಅಮ್ಮನ ಫೋನಿಗೆ ಮಾಡಿ ವಿಷಯ ಹೇಳಿದ್ರು. ಕೇಳಿದ ತಕ್ಷಣ ಅನುಮಾನ ಬಂತು. ಅವತ್ತು ಇವರಿಗೆ ತೆಗೆದುಹಾಕಿ ಅನ್ನೋಕೆ ಮುಂಚೆನೇ ಫೈಲಲ್ಲಿ ನಾನೇ ಈ ಸಾಲು ಅಳಿಸಿಬಿಟ್ಟಿದ್ದೆ. ಕೆಲಸಕ್ಕೆ ಬಾರದ ಸಾಲು, ಇವರನ್ನೇನು ಕೇಳೋದು ಅಂತ. ಆಮೇಲೆ ಇವರು ಹೇಳಿದ್ದು ಸರಿ ಅಂತ ಗೊತ್ತಾಯ್ತು. ಆಗಲೇ ಅಳಿಸಿಯಾಗಿದೆ ಅಂತ ಹೇಳೋಕೆ ನಾಚಿಕೆ ಆಯ್ತು. ಯಾರಿಗೂ ಹೇಳದೆ ನಾನೇ ವಾಪಸ್ ಬರೆದೆ. ಬ್ರಾಕೆಟ್ ನೋಡ್ಕೊಳ್ಳಲಿಲ್ಲ." ಅವನು ಡಾಕ್ಟರಮ್ಮನ ಕಡೆ ತಿರುಗಿದ. "ತಪ್ಪಾಯ್ತು ಮೇಡಂ. ಇವರು ಹೇಳಬೇಕಾಗಿಲ್ಲ, ನಾನು ಹೇಳಬೇಕು."

ಸೇಡಲ್ಲ. ಚೂಟಿಗೆ ಮೊದಲು ಉಸಿರು ಹಗುರವಾಯಿತು, ಅದರ ಬೆನ್ನಿಗೇ ಕೋಪ ಉಕ್ಕಿತು.

"ಓದೋದು ನಿಮ್ಮ ಕೆಲಸ. ಮುಟ್ಟೋದಲ್ಲ," ಎಂದಳು ಎಲ್ಲರೆದುರೇ.

"ಹೌದು."

"ಮುಟ್ಟಿದ ಮೇಲೆ ಹೇಳಬೇಕಿತ್ತು."

"ಹೌದು."

ಹೌದು ಎನ್ನುವವನ ಜೊತೆ ಜಗಳ ಎಷ್ಟು ಹೊತ್ತು ಆಡಲಾದೀತು? ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಡಾಕ್ಟರಮ್ಮ ಯಜಮಾನರ ಕಡೆ ನೋಡಿದರು. "ಹುಡುಗೀನ ಸಾರಿ ಹೇಳೋಕೆ ಕರೆಸಿದ್ರಿ. ಈಗ ಅವಳಿಗೆ ನೀವೇನಾದ್ರೂ ಹೇಳಬೇಕಲ್ವಾ?"

ಯಜಮಾನರು ಕೆಮ್ಮಿದರು. ಕಿಟಕಿ ನೋಡಿದರು. ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ.

"ತಪ್ಪಾಯ್ತಮ್ಮ. ವಿಚಾರಿಸದೆ ಅಂದುಬಿಟ್ಟೆ."

"ಸರಿ ಸರ್," ಎಂದಳು ಚೂಟಿ. ಪರವಾಗಿಲ್ಲ ಎನ್ನಲಿಲ್ಲ, ಏಕೆಂದರೆ ಅದು ಪರವಾಗಿಲ್ಲ ಎನ್ನುವ ವಿಷಯವಾಗಿರಲಿಲ್ಲ.

"ನಂಗೆ ಬೇಕಾಗಿರೋದು ಒಂದೇ," ಎಂದು ಡಾಕ್ಟರಮ್ಮ ಎದ್ದರು. "ಸ್ಟ್ರೆಚರಲ್ಲಿ ರೋಗಿ ಇಟ್ಕೊಂಡು ನನ್ನ ಲಿಫ್ಟ್ ತಾನಾಗೇ ಹೊರಡಬಾರದು. ಸರಿಮಾಡಿದ ಮೇಲೆ ಒಳಗೆ ನಿಂತು ತೋರಿಸೋರು ಯಾರು?"

"ನಾನು," ಎಂದಳು ಚೂಟಿ.

"ನಾನೂ," ಎಂದ ಅವನು.

ಅವಳೇ ಸಾಲನ್ನು ಬ್ರಾಕೆಟ್ಟಿನ ಹೊರಗೆ ಬರೆದಳು. ಮೇಸ್ತ್ರಿ ಪ್ರೋಗ್ರಾಮನ್ನು ಬೋರ್ಡಿಗೆ ಹಾಕಿ, ಇಬ್ಬರನ್ನೂ ಮೂರನೇ ಮಹಡಿಗೆ ತಂದು ಬಾಗಿಲು ಮುಚ್ಚಿಸಿದರು. ಯಾರೂ ಬಟನ್ ಒತ್ತುವಂತಿಲ್ಲ. ಅರ್ಧ ಗಂಟೆ ಏನೂ ನಡೆಯಬಾರದು, ಅದೇ ಪರೀಕ್ಷೆ.

ಲಿಫ್ಟು ಕದಲಲಿಲ್ಲ. ಮೇಲಿನ ಪುಟ್ಟ ದೀಪದಲ್ಲಿ ಮೂರು ಎಂಬ ಅಂಕಿ ಹಾಗೇ ಉರಿಯುತ್ತಿತ್ತು. ಅವಳು ಈ ಮೂಲೆ, ಅವನು ಆ ಮೂಲೆ.

"ಮಾತಾಡಲ್ವಾ?" ಅವನೇ ಕೇಳಿದ.

"ಲಿಫ್ಟ್ ನೋಡೋಕೆ ಬಂದಿದ್ದೀನಿ."

ಕೊನೆಗೆ ಅವಳೇ ತಡೆಯಲಾರದೆ ಬಾಯಿಬಿಟ್ಟಳು.

"ಅವತ್ತೇ ಹೇಳಿದ್ರೆ ಏನಾಗ್ತಿತ್ತು?"

"ನೀವು ನನ್ನ ಜೊತೆ ಟೀ ಕುಡೀತಿರಲಿಲ್ಲ."

"ಕುಡೀತಿದ್ದೆ. ಬೈದು ಕುಡೀತಿದ್ದೆ." ಅವಳು ಮತ್ತೆ ಅಂಕಿಯ ಕಡೆ ಕಣ್ಣು ತಿರುಗಿಸಿದಳು. "ಲಿಫ್ಟ್ ಮೇಲೆ ಹೋಗಿದ್ದಕ್ಕಲ್ಲ ನನಗೆ ಕೋಪ. ನಂಗೆ ಚೆನ್ನಾಗಿ ಗೊತ್ತಿರೋದು ಇದೊಂದೇ ಕೆಲಸ. ಅದೂ ಗೊತ್ತಿಲ್ವೇನೋ ಅಂತ ನನ್ನ ಮೇಲೇ ನಂಗೆ ಅನುಮಾನ ಬಂತು. ಅಕ್ಕನ ಮುಂದೆ ಉತ್ತರ ಹೇಳೋಕೆ ಆಗದೆ ನಿಂತೆ. ಅದನ್ನ ನಾನು ಮರೆಯಲ್ಲ."

"ಮರೀಬೇಡಿ," ಎಂದ ಅವನು. ಕಣ್ಣುಗಳು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. "ಕ್ಷಮಿಸಿ ಅಂತಲೂ ಕೇಳಲ್ಲ. ಇನ್ನೊಂದು ವಿಷಯ ಇದೆ. ಇದು ಸರಿಯಾದ ಹೊತ್ತಲ್ಲ ಅಂತ ಗೊತ್ತು. ಆದರೆ ಹೇಳಬೇಕಾದ್ದನ್ನ ಬಚ್ಚಿಟ್ಟು ಒಂದು ಸಲ ಕೆಟ್ಟಿದ್ದೀನಿ."

"ಏನು?"

"ನಿಮ್ಮನ್ನ ಪ್ರೀತಿಸ್ತೀನಿ."

ಚೂಟಿ ಅಂಕಿಯನ್ನೇ ನೋಡುತ್ತಿದ್ದಳು. ಮೂರು ಮಸುಕಾಗಿ ಕಂಡಿತು.

*ಇಷ್ಟು ದಿನ ಕಾದೆ ಈ ಮಾತಿಗೆ... ಇಲ್ಲೇ, ಹೀಗೇ ಬರಬೇಕಿತ್ತಾ?*

"ಯಜಮಾನರು ಏನಂದ್ರು?" ಎಂದು ಕೇಳಿದಳು, ದನಿ ಹದಕ್ಕೆ ತಂದುಕೊಂಡು.

"ಕೆಳಗೆ ವರ್ಕ್‌ಶಾಪಲ್ಲಿ ವೈರ್ ನೋಡ್ಕೊಂಡಿರು ಅಂದ್ರು. ಕೋಡ್ ಹತ್ತಿರ ಸುಳಿಯೋ ಹಾಗಿಲ್ಲ."

"ಒಳ್ಳೇದಾಯ್ತು."

ಅವನಿಗೆ ನಗು ಬಂತು. ನೋಡಿದರೆ ಅವಳೂ ನಗು ಕಚ್ಚಿ ಹಿಡಿದಿದ್ದಳು.

"ನಾನು ಸುಮ್ಮನೆ ಹೂಂ ಅನ್ನೋಳಲ್ಲ," ಎಂದಳು. "ಸರಿ ಅನ್ನಿಸಿದ್ರೆ ನಿಮ್ಮಮ್ಮನ ಎದುರೂ ವಾದ ಮಾಡ್ತೀನಿ."

"ಮಾಡು. ಅವರಿಗೂ ಜೊತೆ ಬೇಕು. ನಾನು ಬರೀ ಹೌದು ಹೌದು ಅಂತೀನಿ ಅಂತ ಬೈತಿರ್ತಾರೆ."

"ನಾನು ಯಾವಾಗ 'ನೀನು' ಆದೆ?"

"ಈಗ. ಬೇಡ ಅಂದ್ರೆ ವಾಪಸ್ ತಗೋತೀನಿ."

"ಕೇಳದೆ ಏನೂ ವಾಪಸ್ ತಗೋಬೇಡ," ಎಂದಳು ಚೂಟಿ. ಈ ಮೂಲೆಯಿಂದ ಆ ಮೂಲೆಗೆ ಎರಡೇ ಹೆಜ್ಜೆ. ಅವಳೇ ನಡೆದಳು. ಅವನ ಕೈ ತಣ್ಣಗಿತ್ತು, ಅವಳ ಬೆರಳು ಸೇರಿದ ಮೇಲೂ ಸ್ವಲ್ಪ ಹೊತ್ತು ನಂಬದವನಂತೆ ಹಾಗೇ ಇತ್ತು, ಆಮೇಲೆ ಗಟ್ಟಿಯಾಗಿ ಹಿಡಿಯಿತು.

ಹೊರಗಿನಿಂದ ಬಾಗಿಲು ತಟ್ಟಿದ ಸದ್ದಾಯಿತು.

"ಅರ್ಧ ಗಂಟೆ ಆಯ್ತಮ್ಮಾ," ಎಂದು ಮೇಸ್ತ್ರಿ ಕೂಗಿದರು. "ಏನಾದ್ರೂ ಅಲ್ಲಾಡ್ತಾ?"

"ಇಲ್ಲ ಮೇಸ್ತ್ರಿ," ಎಂದಳು ಚೂಟಿ ಕೈ ಬಿಡದೆ. "ಯಾವುದಕ್ಕೂ ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀವಿ."

"ಡಾಕ್ಟರಮ್ಮ ಕಾಯ್ತಾ ಇದ್ದಾರೆ," ಎಂದು ಅವನು ಪಿಸುಗುಟ್ಟಿದ.

"ಕಾಯಲಿ. ಪರೀಕ್ಷೆ ಮಾಡ್ತಿರೋದು ನಾನು."